ಮಗುವಿನ ಕಣ್ಣಿಗೆ ರಕ್ತ, ಕಿವಿಗೆ ಹಿಂದಿ! ಕನ್ನಡ ಎಲ್ಲಿ ಸ್ವಾಮಿ?



2025ರ ಅಕ್ಟೋಬರ್. ‘ಕಾಂತಾರ ಚಾಪ್ಟರ್ 1’ ತೆರೆಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ಭಾನುವಾರ ಮಧ್ಯಾಹ್ನದ ಆಟಕ್ಕೆ ಹೋಗಿದ್ದೆ. ಹೌಸ್ ಫುಲ್. ಶಿಳ್ಳೆ, ಚಪ್ಪಾಳೆ, ಹೆಗಲ ಮೇಲೆ ಹಳದಿ-ಕೆಂಪು ಶಲ್ಯ. ಕನ್ನಡ ಸಿನಿಮಾಕ್ಕೆ ಈ ಜನ ಕಂಡಾಗ ನಿಮ್ಮಂತೆ ನನಗೂ ಎದೆ ಉಬ್ಬುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ.

ನನ್ನ ಮುಂದಿನ ಸಾಲಿನಲ್ಲಿ ಗಂಡ, ಹೆಂಡತಿ, ನಾಲ್ಕು ವರ್ಷದ ಒಂದು ಗಂಡು ಮಗು. ಮಾತಿನ ರಾಗ ಕೇಳಿದರೆ ಮಂಡ್ಯದ ಕಡೆಯವರು. ಯುದ್ಧದ ದೃಶ್ಯ ಶುರುವಾಯಿತು. ಕತ್ತಿ, ಬೆಂಕಿ, ಕುದುರೆ, ಎದೆ ಗುದ್ದುವಂಥ ಸದ್ದು. ಮಗು ಎರಡೂ ಕಿವಿ ಮುಚ್ಚಿಕೊಂಡು ಅಮ್ಮನ ಮಡಿಲಿಗೆ ಮುಖ ಹುದುಗಿಸಿತು. ಅಪ್ಪ ಅದರ ಗಲ್ಲ ಹಿಡಿದು ಪರದೆಯ ಕಡೆ ತಿರುಗಿಸಿದರು. “ಏಯ್, ನೋಡ್ಲಾ, ಏನೂ ಆಗಕ್ಕಿಲ್ಲ. ನಮ್ ಕನ್ನಡ ಸಿನಿಮಾ ಕಣ್ಲಾ!” ಆಗ ಮಗು ಅಳುತ್ತಾ ಹೇಳಿತು: “ಪಪ್ಪಾ, ಡರ್ ಲಗ್ ರಹಾ ಹೈ.”

ಅಪ್ಪ ಮಂಡ್ಯದವರು. ಅಮ್ಮ ಕನ್ನಡದವರು. ಕೂತಿರುವುದು ಬೆಂಗಳೂರಿನಲ್ಲಿ, ನೋಡುತ್ತಿರುವುದು ಕನ್ನಡ ಸಿನಿಮಾ. ಮಗುವಿಗೆ ಹೆದರಿಕೆಯಾದಾಗ ಬಾಯಿಗೆ ಬಂದದ್ದು ಹಿಂದಿ! ಪಕ್ಕದಲ್ಲಿದ್ದ ನಾಲ್ಕಾರು ಜನ ನಕ್ಕರು. “ಎಷ್ಟು ಮುದ್ದಾಗಿ ಹಿಂದಿ ಮಾತಾಡ್ತಾನೆ ನೋಡಿ” ಅಂದರು ಒಬ್ಬರು.

ನನಗೆ ನಗು ಬರಲಿಲ್ಲ. ಒಂದೇ ಸಾಲಿನಲ್ಲಿ ಎರಡು ಕಾಯಿಲೆ ಕಂಡವು. ನಾಲ್ಕು ವರ್ಷದ ಮಗುವಿಗೆ ಸಲ್ಲದ ಸಿನಿಮಾವನ್ನು ಕನ್ನಡಾಭಿಮಾನದ ಹೆಸರಿನಲ್ಲಿ ತೋರಿಸುತ್ತಿದ್ದೇವೆ, ಅದು ಮೊದಲನೆಯದು. ಅದೇ ಮಗು ಮನೆಯಲ್ಲಿ ದಿನವಿಡೀ ಏನು ಕೇಳಿಸಿಕೊಳ್ಳುತ್ತಿದೆ ಎಂಬುದರ ಗೊಡವೆಯೇ ನಮಗಿಲ್ಲ, ಇದು ಎರಡನೆಯದು. ಈ ವಾರ ಇದನ್ನೇ ನಿಮ್ಮೊಂದಿಗೆ ಮಾತಾಡಬೇಕು. ಗಡಿ, ನೀರು, ನೌಕರಿ, ಬೋರ್ಡು ಎಲ್ಲದರ ಬಗ್ಗೆ ಈ ಪುಟದಲ್ಲಿ ಕೂಗಾಡಿದ್ದೇವೆ. ಇವತ್ತು ಮನೆಯೊಳಗಿನ ಮಾತು.

ಹದಿನಾರು ಅಂದರೆ ಹದಿನಾರು!

ಮೊದಲು ಕಾನೂನಿನ ಮಾತು ಮುಗಿಸೋಣ. ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ.

ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ‘ಯು’, ‘ಯು/ಎ’, ‘ಎ’ ಎಂದು ಸರ್ಟಿಫಿಕೇಟ್ ಕೊಡುತ್ತದೆ. ‘ಯು’ ಎಲ್ಲರಿಗೂ. ‘ಎ’ 18 ತುಂಬಿದವರಿಗೆ ಮಾತ್ರ. ನಡುವಿನ ‘ಯು/ಎ’ ಅಂದರೆ ಮಕ್ಕಳಿಗೆ ತೋರಿಸಬೇಕೋ ಬೇಡವೋ ಎಂದು ಹೆತ್ತವರು ಯೋಚಿಸಿ ಎಂದರ್ಥ. ಹಿಂದೆಲ್ಲ ಇದು ಒಂದೇ ಚೀಲ. ನಾಯಿಮರಿ ಕಥೆಯೂ ಅದರಲ್ಲೇ, ನರಮೇಧವೂ ಅದರಲ್ಲೇ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು ಈ ಚೀಲವನ್ನು ಮೂರಾಗಿ ಸೀಳಿದರು: 7ರ ಮೇಲ್ಪಟ್ಟವರಿಗೆ, 13ರ ಮೇಲ್ಪಟ್ಟವರಿಗೆ, 16ರ ಮೇಲ್ಪಟ್ಟವರಿಗೆ. ‘ಕಾಂತಾರ ಚಾಪ್ಟರ್ 1’ಕ್ಕೆ ಸಿಕ್ಕಿದ್ದು ‘ಯು/ಎ 16+’. ನನ್ನ ಮುಂದಿನ ಸಾಲಿನ ಮಗುವಿಗೆ ನಾಲ್ಕು!

ಥಿಯೇಟರಿನವರು ಏಕೆ ತಡೆಯಲಿಲ್ಲ ಅಂತ ಕೇಳುತ್ತೀರಿ. ‘ಎ’ ಚಿತ್ರವಾದರೆ ತಡೆಯಬೇಕು. ‘ಯು/ಎ’ ಆದರೆ ತಡೆಯುವ ಅಧಿಕಾರ ಅವರಿಗಿಲ್ಲ. ಆ ಸಂಖ್ಯೆ ಇರುವುದು ಬಾಗಿಲು ಕಾಯುವವನಿಗಲ್ಲ, ಅಪ್ಪ-ಅಮ್ಮನಿಗೆ. ಸರ್ಕಾರ ಒಂದು ಸಲವಾದರೂ ನಿಮ್ಮ ಬುದ್ಧಿಯನ್ನು ನಂಬಿ ತೀರ್ಮಾನ ನಿಮ್ಮ ಕೈಗೇ ಬಿಟ್ಟಿದೆ. ನಾವು ಆ ಸಂಖ್ಯೆಯನ್ನು ಓದುವುದೇ ಇಲ್ಲ.

ಓದಲಾಗದಂತೆ ಅಚ್ಚು ಹಾಕುತ್ತಾರೆ ಅನ್ನುವುದೂ ನಿಜ. ನನ್ನ ಕಸುಬು ಪ್ರಿಂಟಿಂಗ್ ಪ್ರೆಸ್ಸು. ಪೋಸ್ಟರಿನಲ್ಲಿ ಯಾವ ಅಕ್ಷರ ದಪ್ಪ, ಯಾವುದು ಸಣ್ಣ ಎಂದು ದಿನಾ ನೋಡುವವನು. ಹೀರೋ ಹೆಸರು ಗಜ ಗಾತ್ರ. ಬಿರುದು ಅದಕ್ಕಿಂತ ದೊಡ್ಡದು. ಸರ್ಟಿಫಿಕೇಟಿನ ಗುರುತು ಮೂಲೆಯಲ್ಲೆಲ್ಲೋ ಸಾಸಿವೆ ಕಾಳು. ನಾವೇ ಅಚ್ಚು ಹಾಕಿದ ಪೋಸ್ಟರಿನಲ್ಲಿ ಅದನ್ನು ಹುಡುಕಲು ನನಗೇ ಕನ್ನಡಕ ಬೇಕಾಗುತ್ತದೆ. ಅದಕ್ಕೇ ಹೇಳುತ್ತೇನೆ, ಮೊಬೈಲಿನಲ್ಲಿ ಟಿಕೆಟ್ ಬುಕ್ ಮಾಡುವಾಗ ಸಿನಿಮಾ ಹೆಸರಿನ ಆಸುಪಾಸಿನಲ್ಲೇ ಆ ಗುರುತು ಇರುತ್ತದೆ. ಸೀಟು ಹುಡುಕುವಷ್ಟೇ ಶ್ರದ್ಧೆಯಿಂದ ಅದನ್ನೂ ಹುಡುಕಿ.

ನನ್ನದೂ ತಪ್ಪಿದೆ

ಬೇರೆಯವರಿಗೆ ಬುದ್ಧಿ ಹೇಳುವ ಮುಂಚೆ ನನ್ನ ಕಥೆ ಕೇಳಿ. 2022ರ ಏಪ್ರಿಲ್ 14ಕ್ಕೆ ‘ಕೆಜಿಎಫ್ ಚಾಪ್ಟರ್ 2’ ಬಂತು. ಕನ್ನಡದ ಸಿನಿಮಾವನ್ನು ಇಡೀ ಇಂಡಿಯಾ ತಲೆಯೆತ್ತಿ ನೋಡಿದ ದಿನ. ತಂಗಿಯ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದವನು ನಾನೇ. ಅವನಿಗಾಗ ಒಂಬತ್ತು. ತಂಗಿ ಬೇಡ ಅಂದಳು. “ನಮ್ಮ ಕನ್ನಡದ ಸಿನಿಮಾ, ನೋಡಲಿ ಬಿಡೇ” ಅಂತ ಅವಳ ಬಾಯಿ ಮುಚ್ಚಿಸಿದೆ.

ಮಾರನೇ ದಿನದಿಂದ ನಮ್ಮ ಪ್ರೆಸ್ಸಿನಲ್ಲಿ ಫ್ಲೆಕ್ಸ್ ಸುತ್ತಿ ಬರುತ್ತದಲ್ಲ, ಆ ರಟ್ಟಿನ ಕೊಳವೆ ಅವನ ‘ದೊಡ್ಡಮ್ಮ’ ಆಯಿತು. ಸಿನಿಮಾದಲ್ಲಿ ಹೀರೋ ಪೊಲೀಸ್ ಠಾಣೆಯನ್ನು ಚಿಂದಿ ಮಾಡುವ ಮಿಷಿನ್ ಗನ್ನಿನ ಹೆಸರು ಅದು. ಹುಡುಗ ಕೊಳವೆ ಹೊತ್ತು ಕೆಲಸಗಾರರಿಗೆಲ್ಲ ಗುಂಡು ಹಾರಿಸಿದ. ನಾವೆಲ್ಲ ಸತ್ತಂತೆ ನಟಿಸಿ ನಕ್ಕೆವು. ಆಮೇಲೊಂದು ದಿನ ಪೆನ್ಸಿಲ್ ತುಟಿಯಲ್ಲಿಟ್ಟು ಹೊಗೆ ಬಿಟ್ಟು ತೋರಿಸಿದ. ಆಗ ನಗು ನಿಂತಿತು. ಅದೇ ವರ್ಷ ಪತ್ರಿಕೆಗಳಲ್ಲಿ ಒಂದು ಸುದ್ದಿ ಓದಿದೆ: ಹೈದರಾಬಾದಿನಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಇದೇ ಸಿನಿಮಾ ನೋಡಿ, ಆ ಹೀರೋನಂತೆ ಆಗಲು ಒಂದು ಪ್ಯಾಕ್ ಸಿಗರೇಟು ಸೇದಿ ಆಸ್ಪತ್ರೆ ಸೇರಿದ್ದ. ಪರದೆಯ ಕೆಳಗೆ ‘ಧೂಮಪಾನ ಆರೋಗ್ಯಕ್ಕೆ ಹಾನಿಕರ’ ಎಂಬ ಅಕ್ಷರ ಇದ್ದೇ ಇತ್ತು. ಮಕ್ಕಳು ಅಕ್ಷರ ಓದುವುದಿಲ್ಲ ಸ್ವಾಮಿ, ಹೀರೋನನ್ನು ಓದುತ್ತಾರೆ.

‘ಕೆಜಿಎಫ್’ ಕೆಟ್ಟ ಸಿನಿಮಾ ಅಂತ ನಾನು ಹೇಳುತ್ತಿಲ್ಲ. ಕನ್ನಡದ ತಂತ್ರಜ್ಞರು ಯಾರಿಗೂ ಕಡಿಮೆಯಿಲ್ಲ ಅಂತ ತೋರಿಸಿದ ಸಿನಿಮಾ ಅದು. ಆದರೆ ದೊಡ್ಡವರ ಸಿನಿಮಾ. ದೊಡ್ಡವರ ಊಟಕ್ಕೆ ಖಾರ ಇರಬೇಕು ಅಂತ ಮಗುವಿನ ಬಾಯಿಗೆ ಮೆಣಸಿನಕಾಯಿ ತುರುಕುತ್ತೀರಾ? ಅದು ಬ್ಯಾಡಗಿಯದೇ ಆದರೂ?

ನೋಡಿದ್ದು, ಅನ್ನಿಸಿದ್ದು

ಹಾಗಾದರೆ ಮಕ್ಕಳಿಗೆ ಏನು ತೋರಿಸಬೇಕು? ಈಚಿನ ವರ್ಷಗಳಲ್ಲಿ ನಾನು ನೋಡಿದ ಕೆಲವು ಸಿನಿಮಾಗಳ ಬಗ್ಗೆ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ನಾನು ವಿಮರ್ಶಕನಲ್ಲ. ಪಿಯುಸಿಗೆ ಓದು ನಿಲ್ಲಿಸಿದವನು. ಒಪ್ಪದಿದ್ದರೆ ಬರೆದು ಬಯ್ಯಿರಿ, ಕನ್ನಡದಲ್ಲಿ ಬಯ್ಯಿರಿ.

2025ರ ಜುಲೈ 25ರಂದು ಒಂದೇ ದಿನ ಎರಡು ಚಿತ್ರ ಬಂದವು. ಒಂದು ‘ಸು ಫ್ರಮ್ ಸೋ’, ಇನ್ನೊಂದು ‘ಮಹಾವತಾರ್ ನರಸಿಂಹ’.

‘ಸು ಫ್ರಮ್ ಸೋ’ ಕರಾವಳಿಯ ನಗೆ. ಜೆ.ಪಿ. ತುಮಿನಾಡ್ ನಿರ್ದೇಶನ, ರಾಜ್ ಬಿ. ಶೆಟ್ಟಿ ನಿರ್ಮಾಣ. ದೊಡ್ಡ ಸ್ಟಾರ್ ಇಲ್ಲ, ಕಟೌಟ್ ಇಲ್ಲ, ಬರೀ ಬಾಯಿಮಾತಿನಿಂದ ಥಿಯೇಟರ್ ತುಂಬಿಸಿದ ಸಿನಿಮಾ. ಮಾಡಿದ ತಪ್ಪು ಮುಚ್ಚಲು ಮೈಮೇಲೆ ದೆವ್ವ ಬಂತೆಂದು ನಾಟಕ ಮಾಡುವ ಹುಡುಗನ ಕಥೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆದರೆ ಬಚ್ಚಲುಮನೆ ಇಣುಕುವುದು, ಕುಡಿತ ಇವೆ. ಗಂಡಸರ ಕೈಯಲ್ಲಿ ನರಳುವ ಹೆಣ್ಣಿನ ಸಂಕಟವೂ ಒಳಗಿದೆ. ಹೈಸ್ಕೂಲು ಮಕ್ಕಳನ್ನು ಧಾರಾಳವಾಗಿ ಕರೆದೊಯ್ಯಿರಿ, ಮನೆಗೆ ಬಂದ ಮೇಲೆ ಗಂಡುಮಕ್ಕಳನ್ನು ಕೂರಿಸಿ ಇಣುಕಿದ್ದು ತಪ್ಪೋ ಸರಿಯೋ ಕೇಳಿ. ಸಣ್ಣವರಿಗೆ ಬೇಡ.

‘ಮಹಾವತಾರ್ ನರಸಿಂಹ’ ಅನಿಮೇಷನ್. ಅಶ್ವಿನ್ ಕುಮಾರ್ ನಿರ್ದೇಶನ. ಅರ್ಪಿಸಿದವರು ನಮ್ಮ ಬೆಂಗಳೂರಿನ ಹೊಂಬಾಳೆ. ಕನ್ನಡದಲ್ಲೂ ಬಂತು. ಗೊಂಬೆ ಸಿನಿಮಾ, ದೇವರ ಸಿನಿಮಾ, ಇನ್ನೇನು ಯೋಚನೆ ಅಂತ ಎಲ್ಲರೂ ಕೂಸುಗಳನ್ನು ಎತ್ತಿಕೊಂಡು ಬಂದರು. ಕೊನೆಯ ಕಾಳಗ ನೋಡಿದಿರಲ್ಲ? ಎಷ್ಟು ಹೊತ್ತು, ಎಷ್ಟು ಸದ್ದು, ಎಷ್ಟು ರಕ್ತ! ದೊಡ್ಡವರಿಗೆ ರೋಮಾಂಚನ, ಐದು ವರ್ಷದವರಿಗೆ ರಾತ್ರಿ ನಿದ್ದೆಯಿಲ್ಲ. ಗೊಂಬೆ ಸಿನಿಮಾ ಅಂದ ಮಾತ್ರಕ್ಕೆ ಮಕ್ಕಳ ಸಿನಿಮಾ ಅಲ್ಲ. ಅಜ್ಜಿಯ ಬಾಯಲ್ಲಿ ಪ್ರಹ್ಲಾದನ ಕಥೆ ಕೇಳಿ, ಕಂಬ ಒಡೆಯುತ್ತದೆ ಅಂತ ಮೊದಲೇ ಗೊತ್ತಿರುವ ಎಂಟು-ಹತ್ತರ ಮಗುವಾದರೆ ಗಟ್ಟಿಯಾಗಿ ಕೂತು ನೋಡುತ್ತದೆ. ಮೊದಲು ಕಥೆ ಹೇಳಿ, ಆಮೇಲೆ ಕರೆದೊಯ್ಯಿರಿ.

ಇದೇ ಕಥೆ ನಮ್ಮಲ್ಲಿ 1983ರಲ್ಲೇ ಬಂದಿತ್ತು. ‘ಭಕ್ತ ಪ್ರಹ್ಲಾದ’. ಹಿರಣ್ಯಕಶಿಪು ಅಣ್ಣಾವ್ರು, ಪ್ರಹ್ಲಾದ ಪುಟ್ಟ ಅಪ್ಪು. ಅಲ್ಲೂ ನರಸಿಂಹ ಬರುತ್ತಾನೆ, ಹೊಟ್ಟೆ ಬಗೆಯುತ್ತಾನೆ. ಆದರೆ ನಮಗೆ ಹೆದರಿಕೆ ಹುಟ್ಟಿಸಿದ್ದು ರಕ್ತವಲ್ಲ, ಅಣ್ಣಾವ್ರ ಕಂಠ. ಆ ಕಂಠ ಕೇಳಿ ನಡುಗಿದ ನಮ್ಮ ತಲೆಮಾರಿಗೆ ಒಳ್ಳೆಯ ಕನ್ನಡ ಹೇಗೆ ಮಾತಾಡಬೇಕು ಅಂತಲೂ ತಿಳಿಯಿತು.

‘777 ಚಾರ್ಲಿ’ 2022ರದ್ದು. ಒಂಟಿ ಮನುಷ್ಯ, ಒಂದು ನಾಯಿ. ಕೊನೆಗೆ ನಾಯಿ ಸಾಯುತ್ತದೆ. “ಮಗು ಅಳುತ್ತೆ, ಬೇಡ” ಅಂತ ಕೆಲವರು ನಮ್ಮ ಬೀದಿಯಲ್ಲೇ ಕರೆದೊಯ್ಯಲಿಲ್ಲ. ಅದೇ ಜನ ಅದೇ ಮಗುವನ್ನು ತಲೆ ಉರುಳುವ ಸಿನಿಮಾಕ್ಕೆ ಕರೆದೊಯ್ದರು! ಅಳು ಬಂದರೆ ಮಗು ಕೆಡುವುದಿಲ್ಲ ಕಣ್ರೀ. ಇನ್ನೊಂದು ಜೀವಕ್ಕಾಗಿ ಅತ್ತ ಮಗು ಮನುಷ್ಯನಾಗುತ್ತದೆ. ಸಾವು ಕಂಡು ನಕ್ಕು ಶಿಳ್ಳೆ ಹಾಕುವುದನ್ನು ಕಲಿಸುತ್ತೀರಲ್ಲ, ಅದಕ್ಕೆ ಹೆದರಿ.

‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. 2018ರದ್ದು, ಹಳೆಯದಾಯಿತು, ಆದರೂ ಹೇಳಲೇಬೇಕು. 1956ರಲ್ಲಿ ಕೇರಳದ ಪಾಲಾದ ಕಾಸರಗೋಡಿನಲ್ಲಿ ಒಂದು ಕನ್ನಡ ಶಾಲೆ. ಅದನ್ನು ಮುಚ್ಚಲು ಹೊರಟಾಗ ಮಕ್ಕಳೇ ಎದ್ದು ನಿಲ್ಲುತ್ತಾರೆ. ನಾವು ಮೂವತ್ತು ಭಾಷಣದಲ್ಲಿ ಹೇಳಲಾಗದ್ದನ್ನು ಆ ಮಕ್ಕಳು ತಮಾಷೆ ಮಾಡುತ್ತಲೇ ಹೇಳಿಬಿಡುತ್ತಾರೆ. ಇದನ್ನು ಮಾಡಿದವರು ಯಾರು? ಇದೇ ರಿಷಬ್ ಶೆಟ್ಟಿ! ‘ಕಾಂತಾರ’ದ ರಿಷಬ್ ಶೆಟ್ಟಿ! ಒಬ್ಬನೇ ಮನುಷ್ಯ ಮಕ್ಕಳಿಗೆ ಬೇರೆ ಅಡುಗೆ, ದೊಡ್ಡವರಿಗೆ ಬೇರೆ ಅಡುಗೆ ಮಾಡಿ ಬಡಿಸಿದ್ದಾರೆ. ಎಲೆ ಅದಲುಬದಲು ಮಾಡಿದವರು ನಾವು.

ಮಕ್ಕಳ ಸಿನಿಮಾ ಅಂದರೆ ಯಾವುದು?

ಪ್ರಶ್ನೆ ಇದೆ. ದುಃಖ ಇರಬಾರದು, ಬಡತನ ಇರಬಾರದು, ಬರೀ ಬಲೂನು, ಚಾಕೊಲೇಟು ಇರಬೇಕು, ಅದು ಮಕ್ಕಳ ಸಿನಿಮಾ ಅಂತ ಕೆಲವರು ತಿಳಿದಿದ್ದಾರೆ. ಸುಳ್ಳು.

1993ರಲ್ಲಿ ಟಿ.ಎಸ್. ನಾಗಾಭರಣ ‘ಚಿನ್ನಾರಿ ಮುತ್ತ’ ಮಾಡಿದರು. ಹಳ್ಳಿಯಿಂದ ಬಂದು ಬೆಂಗಳೂರಿನ ಬೀದಿಗೆ ಬೀಳುವ ಹುಡುಗನ ಕಥೆ. ಅದರಲ್ಲಿ ಹಸಿವು ಇದೆ, ಹೊಡೆತ ಇದೆ. ನಾನು ನೋಡಿದಾಗ ಹುಡುಗ. ಅತ್ತೆ, ನಕ್ಕೆ, ಆಮೇಲೆ ಬೀದಿಯಲ್ಲಿ ಓಡುವಾಗಲೆಲ್ಲ ನಾನೇ ಮುತ್ತ. ಮರುವರ್ಷ ಕುಂ. ವೀರಭದ್ರಪ್ಪನವರ ಕಥೆಯನ್ನು ನಾಗತಿಹಳ್ಳಿ ಚಂದ್ರಶೇಖರ್ ‘ಕೊಟ್ರೇಶಿ ಕನಸು’ ಮಾಡಿದರು. ಓದಬೇಕೆಂಬ ದಲಿತ ಹುಡುಗನಿಗೆ ಊರು ಒಡ್ಡುವ ಅಡ್ಡಿಗಳ ಕಥೆ. ವಿಜಯ ರಾಘವೇಂದ್ರ ಅವರಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು. ಅದಕ್ಕೂ ಮುಂಚೆ 1985ರ ‘ಬೆಟ್ಟದ ಹೂವು’. ಕಾಡಿನ ಹೂ ಹುಡುಕಿ ಮಾರಿ ಕಾಸು ಕೂಡಿಡುವ ಹುಡುಗ. ಅವನಿಗೆ ಕೊಳ್ಳಬೇಕಾದ್ದು ಏನು ಗೊತ್ತೇ? ಆಟಿಕೆಯಲ್ಲ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’. ಕೊನೆಗೆ ಆ ಕಾಸಿನಲ್ಲಿ ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ. ಅಪ್ಪು ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. 2021ರ ಅಕ್ಟೋಬರ್ 29ರಂದು ನಮ್ಮನ್ನು ಬಿಟ್ಟು ಹೋದ ಆ ಮನುಷ್ಯನ ಫೋಟೋ ನಿಮ್ಮ ಆಟೋ ಹಿಂದೆ ಇದೆ, ಅಂಗಡಿಯಲ್ಲಿ ಇದೆ. ‘ಬೆಟ್ಟದ ಹೂವು’ ನಿಮ್ಮ ಮನೆಯ ಮಗು ನೋಡಿದೆಯೇ?

ಈ ಚಿತ್ರಗಳಲ್ಲೂ ಕಷ್ಟ ಇದೆ, ಕ್ರೌರ್ಯ ಇದೆ. ಆದರೆ ಮಗುವಿನ ಎತ್ತರದಿಂದ ಕಂಡ ಕಷ್ಟ. ಮಗು ಅಲ್ಲಿ ಮಗುವಾಗಿಯೇ ಇದೆ. ಹೊಡೆದಾಡಿ ದೊರೆಯಾಗುವುದಿಲ್ಲ, ಏನೋ ಒಂದನ್ನು ತಾನೇ ತೂಗಿ ನೋಡಿ ಆರಿಸಿಕೊಳ್ಳುತ್ತದೆ. ನನ್ನ ಅಳತೆಗೋಲು ಇಷ್ಟೇ. ಸಿನಿಮಾ ಮುಗಿದ ಮೇಲೆ ಮಗು ಏನಾಗಿ ಆಟವಾಡುತ್ತದೆ ನೋಡಿ. ಮುತ್ತನಾಗಿ ಓಡಿದರೆ ಸರಿ. ದೊಡ್ಡಮ್ಮ ಹೊತ್ತು ಗುಂಡು ಹಾರಿಸಿದರೆ, ನೀವು ತಪ್ಪು ಟಿಕೆಟ್ ಕೊಂಡಿರಿ.

“ಅವೆಲ್ಲ ಹಳೇ ಕಥೆ, ಈಗ ಯಾರು ಮಾಡ್ತಾರೆ?” ಅನ್ನಬೇಡಿ. ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ ಪಟ್ಟಿ ತೆಗೆದು ನೋಡಿ. 2006ರದ್ದು ‘ಕೇರ್ ಆಫ್ ಫುಟ್‌ಪಾತ್’, ನಿರ್ದೇಶಕ ಕಿಶನ್ ಆಗ ಹತ್ತರ ಆಸುಪಾಸಿನ ಹುಡುಗ. 2008ರದ್ದು ಅಭಯ ಸಿಂಹರ ‘ಗುಬ್ಬಚ್ಚಿಗಳು’, ಬೆಂಗಳೂರಿನಲ್ಲಿ ಗುಬ್ಬಿ ಹುಡುಕಿಕೊಂಡು ಹೊರಡುವ ಮಕ್ಕಳು. 2009ರದ್ದು ‘ಪುಟಾಣಿ ಪಾರ್ಟಿ’, ಧಾರವಾಡ ಸೀಮೆಯ ಮಕ್ಕಳು ತಮ್ಮದೇ ಸಭೆ ಕಟ್ಟಿಕೊಂಡು ಹಿರಿಯರನ್ನು ಪ್ರಶ್ನೆ ಕೇಳುವ ಕಥೆ. 2010ರದ್ದು ‘ಹೆಜ್ಜೆಗಳು’. 2018ರದ್ದು ಕಾಸರಗೋಡಿನ ಶಾಲೆ. ಹದಿಮೂರು ವರ್ಷದಲ್ಲಿ ಐದು ಸಲ ಕನ್ನಡದ ಮಕ್ಕಳ ಚಿತ್ರ ದೆಹಲಿಯಲ್ಲಿ ಗೆದ್ದು ಬಂತು. ಎದೆ ಮುಟ್ಟಿ ಹೇಳಿ, ಐದರಲ್ಲಿ ಎಷ್ಟು ನೋಡಿದ್ದೀರಿ? ಎಷ್ಟರ ಹೆಸರು ಕೇಳಿದ್ದೀರಿ? ಕೊನೆಯದೊಂದನ್ನು ಬಿಟ್ಟರೆ ಉಳಿದವು ನಮ್ಮ ಬಡಾವಣೆಯ ಥಿಯೇಟರಿಗೆ ಬಂದದ್ದನ್ನು ನಾನಂತೂ ಕಾಣಲಿಲ್ಲ. ಸರ್ಕಾರ ಸಹಾಯಧನ ಕೊಡುತ್ತದೆ, ಪ್ರಶಸ್ತಿ ಕೊಡುತ್ತದೆ, ಶಾಲು ಹೊದಿಸುತ್ತದೆ. ಮಕ್ಕಳ ಕಣ್ಣಿಗೆ ಮಾತ್ರ ಸಿನಿಮಾ ಬೀಳುವುದಿಲ್ಲ. ಇದು ಪಾಯಸ ಮಾಡಿ ಪಾತ್ರೆಗೆ ಬೀಗ ಹಾಕಿದಂತೆ.

ಕಿಂದರಿಜೋಗಿ ಬಂದಿದ್ದಾನೆ!

ಈಗ ಎರಡನೆಯ ಕಾಯಿಲೆಗೆ ಬರುತ್ತೇನೆ. ಆ ಮಗುವಿಗೆ ಹಿಂದಿ ಕಲಿಸಿದವರು ಯಾರು? ಶಾಲೆಯಲ್ಲ. ಅದು ಇನ್ನೂ ಶಾಲೆಗೇ ಹೋಗಿಲ್ಲ. ಛೋಟಾ ಭೀಮ್, ಮೋಟು ಪತ್ಲು, ಡೋರೇಮಾನ್, ಶಿಂಚಾನ್. ಬೆಳಗ್ಗೆ ತಿಂಡಿಗೆ ಒಂದು, ಮಧ್ಯಾಹ್ನ ಊಟಕ್ಕೆ ಒಂದು, ರಾತ್ರಿ ಮಲಗಲು ಒಂದು. ಡೋರೇಮಾನ್, ಶಿಂಚಾನ್ ಹುಟ್ಟಿದ್ದು ಜಪಾನಿನಲ್ಲಿ. ನಮ್ಮ ಮನೆಗೆ ಬಂದದ್ದು ಹಿಂದಿಯಲ್ಲಿ. ಜಪಾನಿನಿಂದ ದೆಹಲಿಗೆ ದಾರಿ ಇತ್ತು, ಬೆಂಗಳೂರಿಗೆ ಇರಲಿಲ್ಲವೇ?

ಇರಲಿಲ್ಲ. ದಾರಿಗೆ ಅಡ್ಡ ನಿಂತವರಲ್ಲಿ ನಾವೂ ಇದ್ದೆವು.

ಈ ಮಾತು ನಮ್ಮ ಪತ್ರಿಕೆಯ ಹಳೆಯ ಓದುಗರಿಗೆ ಚುಚ್ಚುತ್ತದೆ. ಚುಚ್ಚಲಿ. ಅರವತ್ತರ ದಶಕದಲ್ಲಿ ಡಬ್ಬಿಂಗ್ ಬೇಡ ಅಂದದ್ದು ಆ ಕಾಲಕ್ಕೆ ನೂರಕ್ಕೆ ನೂರು ಸರಿ. ಆಗ ಕನ್ನಡ ಸಿನಿಮಾ ಮದರಾಸಿನ ಸ್ಟುಡಿಯೋಗಳಲ್ಲಿ ಬಾಡಿಗೆಗೆ ಕೂತಿತ್ತು. ಡಬ್ಬಿಂಗ್ ಬಂದಿದ್ದರೆ ನಮ್ಮ ಕಲಾವಿದರ, ಕಾರ್ಮಿಕರ ಒಲೆ ಆರುತ್ತಿತ್ತು. ಅಣ್ಣಾವ್ರು ಮುಂದೆ ನಿಂತು ತಡೆದರು, ಕನ್ನಡ ಚಿತ್ರರಂಗ ಬದುಕಿತು. ಆ ಋಣ ಮರೆಯುವವನು ಕನ್ನಡಿಗನಲ್ಲ. ಆದರೆ ಮನೆ ಮನೆಗೂ ಕೇಬಲ್ ಟಿವಿ ಬಂದ ಮೇಲೆ ಕಥೆ ಬದಲಾಯಿತು. ಮಗು ಟಿಕೆಟ್ ಕೊಂಡು ನೋಡುವ ಗಿರಾಕಿಯಲ್ಲ. ಕನ್ನಡದಲ್ಲಿ ಸಿಗದಿದ್ದರೆ ಅದು ಸುಮ್ಮನಿರಲಿಲ್ಲ, ಹಿಂದಿಯಲ್ಲಿ ನೋಡಿತು, ತಮಿಳು, ತೆಲುಗಿನಲ್ಲಿ ನೋಡಿತು.

ಇನ್ನೊಂದು ವಿಪರ್ಯಾಸ ಕೇಳಿ. ‘ಮಾಲ್ಗುಡಿ ಡೇಸ್’. ಕಥೆ ಮೈಸೂರಿನ ಆರ್.ಕೆ. ನಾರಾಯಣ್ ಅವರದು, ಚಿತ್ರ ಬರೆದವರು ಆರ್.ಕೆ. ಲಕ್ಷ್ಮಣ್, ನಿರ್ದೇಶನ ನಮ್ಮ ಶಂಕರ್‌ನಾಗ್, ತೆಗೆದದ್ದು ಆಗುಂಬೆಯಲ್ಲಿ. 1986ರಲ್ಲಿ ದೂರದರ್ಶನದಲ್ಲಿ ಬಂದಾಗ ಆಗುಂಬೆಯ ಜಗಲಿಯಲ್ಲಿ ಕೂತ ನಮ್ಮ ಸ್ವಾಮಿ ಮಾತಾಡಿದ್ದು ಹಿಂದಿ! ಕನ್ನಡಕ್ಕೆ ಡಬ್ ಆಗಿ ಟಿವಿಯಲ್ಲಿ ಬರಲು 2020ರ ಲಾಕ್‌ಡೌನ್ ಬರಬೇಕಾಯಿತು. ಆ ಹೊತ್ತಿಗೆ ಮೊದಲು ನೋಡಿದ ಮಕ್ಕಳಿಗೆ ಮಕ್ಕಳಾಗಿದ್ದವು. 2009ರಲ್ಲಿ ಚಿಂಟು ಟಿವಿ ಬಂದು ಕನ್ನಡದಲ್ಲಿ ಕಾರ್ಟೂನ್ ತೋರಿಸಿತು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಆದೇಶ ಕೊಟ್ಟಿತು. ಈಗ ದಾರಿ ತೆರೆದಿದೆ. ಆದರೆ ಎಷ್ಟೋ ಮನೆಗಳಲ್ಲಿ ರಿಮೋಟು ಹಿಂದಿಯಲ್ಲೇ ನಿಂತುಬಿಟ್ಟಿದೆ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ನೆನಪಿದೆಯಲ್ಲ? ಊರಿನ ಮಕ್ಕಳೆಲ್ಲ ಜೋಗಿಯ ನಾದಕ್ಕೆ ಮರುಳಾಗಿ ಹಿಂದೆ ಹಿಂದೆ ಹೋಗಿ ಬೆಟ್ಟದೊಳಗೆ ಮಾಯವಾಗುತ್ತವೆ. ಊರಿನ ಹಿರಿಯರು ಕೊಟ್ಟ ಮಾತಿಗೆ ತಪ್ಪಿದ್ದಕ್ಕೆ ಸಿಕ್ಕ ಶಿಕ್ಷೆ ಅದು. ನಮ್ಮ ಮನೆಯ ಟಿವಿಯೊಳಗೂ ಒಬ್ಬ ಜೋಗಿ ಕೂತಿದ್ದಾನೆ. ಬಾವುಟ ಹಿಡಿದು ಬೀದಿಯಲ್ಲಿ ನಿಂತ ನಮ್ಮ ಬೆನ್ನ ಹಿಂದೆ ಮಕ್ಕಳು ಸಾಲುಗಟ್ಟಿ ಹೋಗುತ್ತಿವೆ. ಅವು ಹೋಗುತ್ತಿರುವುದು ಹಿಂದಿಯ ಮೇಲಿನ ಪ್ರೀತಿಯಿಂದಲ್ಲ. ಬಾಲ್ಯದ ಕಥೆಯನ್ನು ಕನ್ನಡದಲ್ಲಿ ಕೊಡುತ್ತೇವೆ ಎಂಬ ಮಾತಿಗೆ ನಾವು ತಪ್ಪಿದ್ದೇವೆ, ಅದಕ್ಕೆ.

ಇನ್ನೊಂದನ್ನೂ ಗಮನಿಸಿ. ಆ ಕಿಂದರಿಜೋಗಿಯ ಮೂಲ ಕಥೆ ಯೂರೋಪಿನದು. ಕುವೆಂಪು ಅದನ್ನು ಬೊಮ್ಮನಹಳ್ಳಿಗೆ ತಂದು ಇಳಿಸಿದರು. ಕೇಳಿದ ಮಗುವಿಗೆ ಅದು ಹೊರಗಿನದೆಂದು ಅನ್ನಿಸುವುದೇ ಇಲ್ಲ. ಹೊರಗಿನ ಒಳ್ಳೆಯದನ್ನು ಕನ್ನಡ ಮಾಡಿಕೊಳ್ಳುವುದು ಸೋಲಲ್ಲ. ಹಾಗೆ ಮಾಡಬೇಕು. ಬಾಂಬೆಯಲ್ಲಿ ಕೂತು ಯಾರೋ ಮಾಡಿದ ಒಣ ಕನ್ನಡ ಬೇಡ. ನಮ್ಮ ರಂಗಭೂಮಿಯ ಹುಡುಗರ ಬಾಯಿಂದ, ನಮ್ಮ ಕವಿಗಳ ಕೈಯಿಂದ ಬಂದ ಕನ್ನಡ ಬೇಕು. ಅವರಿಗೂ ಅನ್ನ, ಮಕ್ಕಳಿಗೂ ಕನ್ನಡ.

ಏಕಿಷ್ಟು ಆತಂಕ ಅನ್ನುತ್ತೀರಾ? 1982ರಲ್ಲಿ ಗೋಕಾಕ್ ಚಳವಳಿಗೆ ನಾಡು ಎದ್ದು ನಿಂತದ್ದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು. 2014ರಲ್ಲಿ ಸುಪ್ರೀಂ ಕೋರ್ಟು, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದಿತು. ಶಾಲೆಯ ಕೋಟೆ ಕೈತಪ್ಪಿತು. ಉಳಿದದ್ದು ಮನೆ. ಮನೆಯಲ್ಲೂ ಟಿವಿ, ಮೊಬೈಲು ಗೆದ್ದುಕೊಂಡರೆ ಮುಂದೆ ನಮ್ಮ ಪತ್ರಿಕೆ ಓದುವವರು ಯಾರು? ನಿಮ್ಮ ಜೊತೆ ಬೀದಿಗೆ ಇಳಿಯುವವರು ಯಾರು?

ಹಿಂದಿಯ ಮೇಲೆ ನನಗೆ ಸಿಟ್ಟಿಲ್ಲ. ಹಿಂದಿಯ ಮಗುವಿಗೆ ಹಿಂದಿ ಚೆನ್ನ. ನನ್ನ ಮಗು ಹೆದರಿದಾಗ, ನಕ್ಕಾಗ, ಅಮ್ಮನನ್ನು ಕರೆದಾಗ ಕನ್ನಡ ಬರಲಿ ಅನ್ನುವುದು ದ್ವೇಷವಲ್ಲ, ಹಕ್ಕು.

ಹಾಗಾದರೆ ಏನು ಮಾಡೋಣ?

ಕೂಗಿದ್ದು ಸಾಕು, ಕೆಲಸ ಹೇಳುತ್ತೇನೆ. ನಿಮ್ಮಲ್ಲಿ ಬಹಳ ಜನಕ್ಕೆ ಇನ್ನೂ ಮದುವೆಯಾಗಿಲ್ಲ. ಆದರೆ ನೀವು ಮಾವಂದಿರು, ಚಿಕ್ಕಪ್ಪಂದಿರು, ಅತ್ತೆ, ಚಿಕ್ಕಮ್ಮಂದಿರು. ಮನೆಯಲ್ಲಿ ಟಿವಿ, ಮೊಬೈಲು ಸರಿಮಾಡುವವರೇ ನೀವು.

ಒಂದು: ಟಿಕೆಟ್ ಕೊಳ್ಳುವ ಮುಂಚೆ ಆ ಸಂಖ್ಯೆ ಓದಿ. ಮಗುವಿನ ವಯಸ್ಸು ಕಡಿಮೆಯಿದ್ದರೆ, ಸಿನಿಮಾ ಎಷ್ಟೇ ಹೆಮ್ಮೆಯದಾಗಲಿ, ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿ. ಕನ್ನಡಾಭಿಮಾನಕ್ಕೆ ಭಂಗ ಬರುವುದಿಲ್ಲ.

ಎರಡು: ಇವತ್ತು ರಾತ್ರಿಯೇ ರಿಮೋಟು ತೆಗೆದು ಭಾಷೆಯ ಜಾಗಕ್ಕೆ ಹೋಗಿ. ಕನ್ನಡ ಇದ್ದರೆ ಕನ್ನಡ ಹಾಕಿ. ಮಗು ಎರಡು ದಿನ ರಚ್ಚೆ ಹಿಡಿಯುತ್ತದೆ, ಮೂರನೇ ದಿನ ಸುಮ್ಮನಾಗುತ್ತದೆ. ಕನ್ನಡ ಇಲ್ಲದಿದ್ದರೆ ಆ ಚಾನೆಲಿಗೆ, ಆ ಕಂಪನಿಗೆ ಬರೆಯಿರಿ. ಒಬ್ಬರು ಬರೆದರೆ ಕಸದ ಬುಟ್ಟಿ, ಸಾವಿರ ಜನ ಬರೆದರೆ ವ್ಯಾಪಾರ. ಅವರಿಗೆ ಅರ್ಥವಾಗುವ ಭಾಷೆ ಅದು.

ಮೂರು: ಮುಂದಿನ ರಾಜ್ಯೋತ್ಸವಕ್ಕೆ ನಿಮ್ಮ ಬಡಾವಣೆಯಲ್ಲಿ ಆರ್ಕೆಸ್ಟ್ರಾ ಇದ್ದೇ ಇರುತ್ತದೆ. ಅದರ ಮುಂಚೆ ಸಂಜೆ ಐದಕ್ಕೆ ಒಂದು ಬಿಳಿ ಪರದೆ ಕಟ್ಟಿ. ನಿರ್ಮಾಪಕರನ್ನು ಕೇಳಿ, ಅವರಿಗೆ ಸಲ್ಲಬೇಕಾದ ದುಡ್ಡು ಕೊಟ್ಟು, ಒಂದು ಕನ್ನಡ ಮಕ್ಕಳ ಚಿತ್ರ ತೋರಿಸಿ. ಮಕ್ಕಳಿ, ಕಡಲೆಪುರಿ ಹಂಚಿ. ಆ ಕರಪತ್ರವನ್ನು ಕಾಗದದ ಅಸಲಿಗೆ ಅಚ್ಚು ಹಾಕಿಕೊಡುವ ಕೆಲಸ ನನ್ನದು. ಬಡಾವಣೆಯ ಹೆಸರು ಬರೆದು ಕಳಿಸಿ.

ನಾಲ್ಕು: ಥಿಯೇಟರಿನವರನ್ನು ಕೇಳಿ. ಗಲಾಟೆ ಬೇಡ, ಗಾಜು ಒಡೆಯುವುದು ಬೇಡ. ಭಾನುವಾರ ಬೆಳಗ್ಗೆ ಒಂದು ಆಟ ಕನ್ನಡದ ಮಕ್ಕಳ ಚಿತ್ರಕ್ಕೆ ಕೊಡಿ ಅಂತ ಕೇಳಿ. ಕೊಟ್ಟರೆ ಸೀಟು ತುಂಬಿಸುವ ಹೊಣೆ ನಮ್ಮದು. ತುಂಬಿಸದೆ ಕೇಳಿದರೆ ಅದು ಭಿಕ್ಷೆ, ತುಂಬಿಸಿ ಕೇಳಿದರೆ ಹಕ್ಕು.

ಬೋರ್ಡುಗಳಲ್ಲಿ ಶೇಕಡಾ 60 ಕನ್ನಡ ಬೇಕೆಂದು 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದೆವು. ಲಾಠಿ ತಿಂದವರು, ಜೈಲಿಗೆ ಹೋದವರು ನಿಮ್ಮಲ್ಲೇ ಇದ್ದೀರಿ. 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅಂಗಡಿಯವನ ಬೋರ್ಡು ಅಳೆಯಲು ಟೇಪು ಹಿಡಿದು ಹೋದ ನನ್ನ ತಮ್ಮಂದಿರೇ, ತಂಗಿಯರೇ, ಒಂದೇ ಒಂದು ಪ್ರಶ್ನೆ. ನಿಮ್ಮ ಮನೆಯ ಟಿವಿಯಲ್ಲಿ, ನಿಮ್ಮ ಮಗು ನೋಡುವ ಹೊತ್ತಿನಲ್ಲಿ, ಕನ್ನಡ ಶೇಕಡಾ ಎಷ್ಟು?

ಅಳೆದು ನೋಡಿ. ಉತ್ತರವನ್ನು ನನಗೆ ಹೇಳಬೇಡಿ. ಮಲಗುವ ಮುಂಚೆ ಮಗುವಿನ ಪಕ್ಕ ಕೂತು ಕನ್ನಡದಲ್ಲಿ ಒಂದು ಕಥೆ ಹೇಳಿ. ಅಷ್ಟು ಸಾಕು.

ಜೈ ಕರ್ನಾಟಕ!

- ಸಂ.